ವಾಪಸು ಬಾರದ ಏಕವಚನ

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಹೆಸರು ಹೇಳಿದರೆ ಅರ್ಧ ಪರಿಚಯ ಮಾತ್ರ. ಉಳಿದರ್ಧ ಅಡ್ಡಹೆಸರಿನಲ್ಲಿದೆ. ಹವ್ಯಕ ಬ್ರಾಹ್ಮಣರ ಹೆಗಡೆ ಎಂದರೆ ಒಂದು ಲೆಕ್ಕ, ಮೀನುಗಾರರ ಹರಿಕಂತ್ರ ಎಂದರೆ ಇನ್ನೊಂದು. ಅಂಕೋಲೆಯಲ್ಲಿ ಗೌಡ ಎಂದರೆ ಹಾಲಕ್ಕಿ ಒಕ್ಕಲಿಗರು ಎಂದು ಕೇಳಿದವರೇ ತಿಳಿದುಕೊಳ್ಳುತ್ತಾರೆ. ಮುಕ್ರಿ, ಆಗೇರ, ಸಿದ್ದಿ ಎಂದರಂತೂ ಜಾತಿಯ ಹೆಸರೇ ಅಡ್ಡಹೆಸರು. ಮುಂದೆ ಕೇಳುವುದಕ್ಕೆ ಏನೂ ಉಳಿಯುವುದಿಲ್ಲ. ಪೇಚಾಟ ಬರುವುದು ನಾಯ್ಕರಲ್ಲಿ. ನಾಮಧಾರಿಗಳು ‘ನಾಯ್ಕ’ ಎಂದು ಬರೆಯುತ್ತಾರೆ, ನಾಡವರು ‘ನಾಯಕ’ ಎಂದು. ಬಸ್ಸಿನ ಗದ್ದಲದಲ್ಲಿ ಎರಡೂ ಒಂದೇ ಆಗಿ ಕೇಳಿಸುತ್ತವೆ. ಹಾಗಾಗಿ ಕುಮಟಾದಲ್ಲಿ ಹತ್ತಿ ಪಕ್ಕದಲ್ಲಿ ಕುಳಿತವರು ಮಿರ್ಜಾನ ಬರುವಷ್ಟರಲ್ಲಿ ‘ಯಾವ ನಾಯ್ಕರು?’ ಎಂದು ಕೇಳಿ ಮುಗಿಸಿರುತ್ತಾರೆ.

ಕೇಳಿದವರನ್ನು ತರಾಟೆಗೆ ತೆಗೆದುಕೊಂಡರೆ ಅವರಿಗೆ ನಿಜವಾಗಿಯೂ ಆಶ್ಚರ್ಯವಾಗುತ್ತದೆ. ಸುಮ್ಮನೆ ಕೇಳಿದೆವು, ಪರಿಚಯಕ್ಕೆ ಕೇಳಿದೆವು, ನಮಗೆ ಜಾತಿಯ ಹುಚ್ಚು ಇಲ್ಲ ಎನ್ನುತ್ತಾರೆ. ಇರಬಹುದು. ಆದರೆ ಉತ್ತರ ಸಿಕ್ಕ ಮೇಲೆ ಅವರ ಬಾಯಿಯಲ್ಲಿ ಏನಾಗುತ್ತದೆ ಎಂಬುದನ್ನು ಗಮನಿಸಬೇಕು. ಅಲ್ಲಿಯವರೆಗೆ ‘ಎಲ್ಲಿ ಇಳಿಯುತ್ತೀರಿ’ ಎಂದು ಕೇಳುತ್ತಿದ್ದವರು ‘ಅಂಕೋಲೆಯಲ್ಲಿ ಯಾವ ಕೇರಿ ನಿನ್ನದು’ ಎಂಬಲ್ಲಿಗೆ ಬಂದಿರುತ್ತಾರೆ. ಅಥವಾ ತಿರುಗಾಮುರುಗಾ: ‘ಓಹೋ, ಅವರ ಮನೆಯವರೋ’ ಎನ್ನುತ್ತ ಕಿಟಕಿಯ ಪಕ್ಕದ ಜಾಗವನ್ನೇ ಬಿಟ್ಟುಕೊಡುತ್ತಾರೆ. ಬೈಗುಳ ಇಲ್ಲ, ಕೆಟ್ಟ ಮಾತಿಲ್ಲ. ಕ್ರಿಯಾಪದದ ಕೊನೆಯ ಒಂದೆರಡು ಅಕ್ಷರ ಮಾತ್ರ ಬದಲಾಗಿರುತ್ತದೆ.

ನಾನು ಬದುಕಿನ ಬಹುಭಾಗವನ್ನು ಬ್ಯಾಂಕಿನ ಕೌಂಟರಿನ ಹಿಂದೆ ಕಳೆದವಳು. ಅಂಕೋಲೆ, ಯಲ್ಲಾಪುರ, ಕಾರವಾರ, ಕೊನೆಗೆ ಶಿರಸಿ. ಮನುಷ್ಯರಿಗೆ ಮನುಷ್ಯರು ಎಷ್ಟು ಮರ್ಯಾದೆ ಕೊಡುತ್ತಾರೆ ಎಂದು ತಿಳಿಯಬೇಕಾದರೆ ಪಿಂಚಣಿ ಜಮೆಯಾಗುವ ವಾರ ಅಲ್ಲಿ ಒಂದು ತಾಸು ಕುಳಿತರೆ ಸಾಕು. ಕೊರಳ ತುಂಬ ಕರಿಮಣಿಯ ಸರಗಳನ್ನು ಧರಿಸಿ, ರವಿಕೆಯಿಲ್ಲದೆ ಸೀರೆಯನ್ನು ಹಿಂದಿನ ಪದ್ಧತಿಯಂತೆ ಸುತ್ತಿಕೊಂಡ ಹಾಲಕ್ಕಿ ಅಜ್ಜಿಯೊಬ್ಬರು ಸರದಿಯಲ್ಲಿ ಮುಂದೆ ಬರುತ್ತಾರೆ. ಪಾಸ್‌ಬುಕ್ಕನ್ನು ಪ್ಲಾಸ್ಟಿಕ್ ಚೀಲದಲ್ಲಿ, ಆ ಚೀಲವನ್ನು ಇನ್ನೊಂದು ಚೀಲದಲ್ಲಿ ಸುತ್ತಿ ತಂದಿದ್ದಾರೆ. ಅದನ್ನು ಬಿಡಿಸುವಷ್ಟು ಹೊತ್ತು ಕೌಂಟರಿನ ಹುಡುಗನಿಗೆ ತಾಳ್ಮೆಯಿಲ್ಲ. ‘ಏಯ್, ಬೇಗ ತೆಗೆ. ಇಲ್ಲಿ ಒತ್ತು. ಅಲ್ಲಿ ಅಲ್ಲ, ಇಲ್ಲಿ.’ ಶಾಯಿಯ ಪ್ಯಾಡಿನ ಮೇಲೆ ಅವರ ಹೆಬ್ಬೆರಳನ್ನು ತಾನೇ ಹಿಡಿದು ಒತ್ತುತ್ತಾನೆ. ಅಜ್ಜಿ ಬೆರಳನ್ನು ಗೋಡೆಗೆ ಒರೆಸಿ ಪಕ್ಕಕ್ಕೆ ಸರಿಯುತ್ತಾರೆ. ಅವರ ಹಿಂದಿದ್ದದ್ದು ಬಿಳಿ ಅಂಗಿಯ ಗುತ್ತಿಗೆದಾರರು, ಅಜ್ಜಿಯ ಮಗನ ವಯಸ್ಸಿನವರು. ‘ಬನ್ನಿ ಸರ್, ಐನೂರರ ನೋಟು ಆಗಬಹುದಲ್ಲ?’ ನಡುವೆ ಹುಡುಗ ಉಸಿರನ್ನೂ ತೆಗೆದುಕೊಂಡಿರಲಿಲ್ಲ.

ಈ ಹುಡುಗ ದುಷ್ಟನಲ್ಲ. ಅದೇ ಅಜ್ಜಿಯ ಖಾತೆಗೆ ಆಧಾರ್ ಜೋಡಣೆಯಾಗದೆ ಪಿಂಚಣಿ ನಿಂತಾಗ ಮಧ್ಯಾಹ್ನದ ಊಟ ಬಿಟ್ಟು ಸರಿಪಡಿಸಿಕೊಟ್ಟವನೂ ಅವನೇ. ಸರಿಪಡಿಸುತ್ತಿರುವಾಗಲೂ ‘ಏಯ್’ ಎಂದೇ ಕರೆಯುತ್ತಿದ್ದ. ಒಳ್ಳೆಯತನಕ್ಕೂ ಮರ್ಯಾದೆಗೂ ನಮ್ಮಲ್ಲಿ ಬೇರೆ ಬೇರೆ ಖಾತೆಗಳಿವೆ. ಒಂದರಿಂದ ಇನ್ನೊಂದಕ್ಕೆ ವರ್ಗಾವಣೆ ತಾನಾಗಿ ಆಗುವುದಿಲ್ಲ.

ಏಕವಚನವೇ ಅವಮಾನ ಎಂದು ಹೇಳಲು ನಾನು ಹೊರಟಿಲ್ಲ. ಹಾಗೆ ಹೇಳಿದರೆ ಕಾರವಾರದ ಮೀನು ಮಾರುಕಟ್ಟೆಯ ಹೆಂಗಸರು ನನ್ನನ್ನು ಬುಟ್ಟಿಯಿಂದಲೇ ಹೊಡೆದಾರು. ಅವರು ಬಂಗಡೆ ಕೊಳ್ಳಲು ಬಂದ ಯಾರನ್ನೂ ಬಹುವಚನದಲ್ಲಿ ಕರೆದದ್ದನ್ನು ನಾನು ಕೇಳಿಲ್ಲ. ಗುಮಾಸ್ತನೂ ‘ನೀನು’, ಜಿಲ್ಲಾ ಮಟ್ಟದ ಸಾಹೇಬರೂ ‘ನೀನು’. ಸಾಹೇಬರು ಅದನ್ನು ಕೇಳಿ ನಗುತ್ತಾರೆ, ಎರಡು ಮೀನು ಹೆಚ್ಚು ಹಾಕಿಸಿಕೊಳ್ಳುತ್ತಾರೆ. ದೇವರಿಗೆ, ತಾಯಿಗೆ, ಜೀವದ ಗೆಳತಿಗೆ ನಾವು ‘ನೀನು’ ಎನ್ನುವುದೇ ಹೌದು. ನಮ್ಮ ಹವ್ಯಕ ಮನೆಮಾತು ಇನ್ನೂ ಒಂದು ಹೆಜ್ಜೆ ಮುಂದೆ: ಹೆಂಗಸರನ್ನು ನಪುಂಸಕಲಿಂಗದಲ್ಲಿ ಹೇಳುತ್ತೇವೆ. ಅಕ್ಕ ‘ಬಂತು’, ಆಯಿ ‘ಹೇಳಿತು’. ಹೊರಗಿನವರು ಕೇಳಿ ಬೆಚ್ಚುತ್ತಾರೆ. ನನ್ನ ಸೊಸೆಗೆ ಇದು ಸ್ವಲ್ಪವೂ ಸರಿಕಾಣುವುದಿಲ್ಲ. ನನಗೆ ಅದರಲ್ಲಿ ನೋವಿಲ್ಲ. ನಾವಿಬ್ಬರೂ ಈ ವಿಷಯದಲ್ಲಿ ಒಪ್ಪಂದಕ್ಕೆ ಬಂದಿಲ್ಲ, ಬರುವ ಲಕ್ಷಣವೂ ಇಲ್ಲ.

ಆದರೆ ಅದೇ ‘ಅದು’ ರೈಲಿನಲ್ಲಿ ಏನಾಗುತ್ತದೆ ನೋಡಿ. ಲಿಂಗತ್ವ ಅಲ್ಪಸಂಖ್ಯಾತ ಹೆಣ್ಣೊಬ್ಬಳು ಬೋಗಿಗೆ ಬಂದರೆ ‘ಅದು ಬಂತು, ಚಿಲ್ಲರೆ ತೆಗೆದಿಡು’ ಎನ್ನುತ್ತಾರೆ. ವ್ಯಾಕರಣ ಒಂದೇ, ಮನೆಯೊಳಗೆ ಸಲಿಗೆ, ಬೋಗಿಯೊಳಗೆ ಮನುಷ್ಯರ ಲೆಕ್ಕದಿಂದ ಹೊರಗಿಡುವ ಉಪಾಯ. 2014ರಲ್ಲಿ ಸುಪ್ರೀಂ ಕೋರ್ಟ್ ತಮ್ಮ ಲಿಂಗ ಯಾವುದೆಂದು ಹೇಳಿಕೊಳ್ಳುವ ಹಕ್ಕು ಅವರದೇ ಎಂದು ತೀರ್ಪು ಕೊಟ್ಟಿತು. 2015ರಲ್ಲಿ ರಿಸರ್ವ್ ಬ್ಯಾಂಕು ಎಲ್ಲ ಬ್ಯಾಂಕುಗಳ ಅರ್ಜಿಗಳಲ್ಲಿ ತೃತೀಯ ಲಿಂಗದ ಆಯ್ಕೆ ಇರಬೇಕೆಂದು ಸುತ್ತೋಲೆ ಕಳುಹಿಸಿತು. ಅರ್ಜಿಯಲ್ಲಿ ಚೌಕ ಬಂತು. ಖಾತೆ ತೆರೆಯಲು ಬಂದವರ ಎದುರಿಗೇ, ಅವರ ಜೊತೆಗಿದ್ದವರನ್ನು ‘ಇದರ ಹೆಸರೇನು?’ ಎಂದು ಕೇಳುವುದು ನಿಲ್ಲಲಿಲ್ಲ.

ಹಾಗಾದರೆ ಯಾವುದು ಸಲಿಗೆ, ಯಾವುದು ತಾತ್ಸಾರ? ನನ್ನ ಅಳತೆಗೋಲು ಒಂದೇ. ನೀವು ಕೊಟ್ಟ ಏಕವಚನವನ್ನು ಎದುರಿನವರು ನಿಮಗೆ ವಾಪಸು ಕೊಡಬಹುದೇ? ಮೀನಿನ ಹೆಂಗಸು ನನಗೆ ‘ನೀನು’ ಎಂದರೆ ನಾನೂ ‘ನೀನು ತೂಕದಲ್ಲಿ ಮೋಸ ಮಾಡುತ್ತೀಯಾ’ ಎನ್ನಬಹುದು, ಅವಳು ನಕ್ಕು ಬೈಯುತ್ತಾಳೆ. ಪಿಂಚಣಿಗೆ ಬಂದ ಅಜ್ಜಿ ಕೌಂಟರಿನ ಹುಡುಗನಿಗೆ ‘ಏಯ್, ಸರಿಯಾಗಿ ಎಣಿಸು’ ಎನ್ನುವ ಹಾಗಿಲ್ಲ. ಅವರ ಮೊಮ್ಮಗನ ವಯಸ್ಸಿನವನು ಎಂಬುದು ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಹಿರಿಯರಿಗೆ ಮರ್ಯಾದೆ ಕೊಡುವುದು ನಮ್ಮ ಸಂಸ್ಕೃತಿ ಎಂದು ಸಭೆಗಳಲ್ಲಿ ಹೇಳುತ್ತೇವಲ್ಲ, ಆ ಹಿರಿತನಕ್ಕೆ ವಯಸ್ಸೊಂದೇ ಅಳತೆ ಯಾವತ್ತೂ ಆಗಿರಲಿಲ್ಲ. ಘಟ್ಟದ ಮೇಲಿನ ತೋಟದ ಮನೆಗಳಲ್ಲಿ ಶಾಲೆಗೆ ಹೋಗುವ ಮಾಣಿ ಅಜ್ಜನ ವಯಸ್ಸಿನ ಕೂಲಿಯಾಳಿಗೆ ‘ಬಾರೋ’ ಎನ್ನುತ್ತಿದ್ದ, ಆ ಅಜ್ಜ ‘ಬಂದೆ ಒಡೆಯಾ’ ಎನ್ನುತ್ತಿದ್ದ. ಇದನ್ನು ಹಳೆಯ ಕಾಲದ ಮಾತು ಎಂದು ಹೇಳಲು ನನಗೂ ಆಸೆ.

ಕಾನೂನಿನ ಮಾತು ಬರುವುದು ಇಲ್ಲಿಯೇ. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಮೇಲಿನ ದೌರ್ಜನ್ಯ ತಡೆಯುವ 1989ರ ಕಾಯ್ದೆ, ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ ಜಾತಿಯ ಹೆಸರು ಹಿಡಿದು ನಿಂದಿಸುವುದನ್ನು ಅಪರಾಧವೆಂದು ಹೇಳುತ್ತದೆ. 2008ರಲ್ಲಿ ಸುಪ್ರೀಂ ಕೋರ್ಟ್, ಜಾತಿಯ ಹೆಸರನ್ನೇ ಬೈಗುಳವಾಗಿ ಬಳಸಿದರೆ ಅದು ಈ ಕಾಯ್ದೆಯಡಿ ಬರುತ್ತದೆ ಎಂದಿತು. 2020ರ ಇನ್ನೊಂದು ತೀರ್ಪಿನಲ್ಲಿ, ಹೊರಗಿನ ಸಾಕ್ಷಿಗಳಿಲ್ಲದೆ ನಾಲ್ಕು ಗೋಡೆಗಳ ನಡುವೆ ಆಡಿದ ಮಾತು ಸಾರ್ವಜನಿಕ ದೃಷ್ಟಿಗೆ ಬಿದ್ದಂತಲ್ಲ ಎಂದಿತು. ಅಂಗವಿಕಲರನ್ನು ಸಾರ್ವಜನಿಕವಾಗಿ ಅವಮಾನಿಸಿದವರಿಗೆ 2016ರ ಕಾಯ್ದೆಯಲ್ಲಿ ಆರು ತಿಂಗಳಿಂದ ಐದು ವರ್ಷದವರೆಗೆ ಸೆರೆವಾಸವಿದೆ. ಲಿಂಗತ್ವ ಅಲ್ಪಸಂಖ್ಯಾತರ 2019ರ ಕಾಯ್ದೆಯಲ್ಲಿ ಗರಿಷ್ಠ ಶಿಕ್ಷೆ ಎರಡೇ ವರ್ಷ. ಈ ಅಂತರ ಯಾಕೆ ಎಂದು ಅವರು ಕೇಳುತ್ತಲೇ ಇದ್ದಾರೆ, ನ್ಯಾಯವಾಗಿಯೇ ಕೇಳುತ್ತಿದ್ದಾರೆ. ಈ ಎಲ್ಲ ಕಾಯ್ದೆಗಳೂ ಬೇಕು. ಆದರೆ ಅವು ಹಿಡಿಯುವುದು ಕೂಗಿ ಆಡಿದ ಮಾತನ್ನು. ‘ಬನ್ನಿ’ ಎನ್ನಬೇಕಾದಲ್ಲಿ ‘ಬಾ’ ಎಂದವನನ್ನು ಯಾವ ಠಾಣೆಗೆ ಕರೆದೊಯ್ಯುವುದು? ಅವನು ಜಾತಿಯ ಹೆಸರನ್ನೇ ಎತ್ತಿರುವುದಿಲ್ಲ. ಕೇಳಿ ನೋಡಿ, ‘ಪ್ರೀತಿಯಿಂದ ಕರೆದೆ’ ಎನ್ನುತ್ತಾನೆ.

ಹೊಗಳಿಕೆಯಲ್ಲಿಯೂ ಇದೇ ವ್ಯಾಧಿ ಇದೆ, ಅಲ್ಲಿ ಹಿಡಿಯುವುದು ಇನ್ನೂ ಕಷ್ಟ. ಅಂಕೋಲಾ ತಾಲೂಕಿನ ಇಬ್ಬರು ಹಾಲಕ್ಕಿ ಮಹಿಳೆಯರಿಗೆ ಪದ್ಮಶ್ರೀ ಬಂದಿತ್ತು: ಬಡಗೇರಿಯ ಜನಪದ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ, ಹೊನ್ನಳ್ಳಿಯ ತುಳಸಿ ಗೌಡರಿಗೆ 2020ರ ಸಾಲಿನಲ್ಲಿ. ತುಳಸಿ ಗೌಡರು 2024ರ ಡಿಸೆಂಬರಿನಲ್ಲಿ ತೀರಿಕೊಂಡರು, ಎರಡೇ ತಿಂಗಳಲ್ಲಿ, 2025ರ ಫೆಬ್ರುವರಿಯಲ್ಲಿ, ಸುಕ್ರಿಯವರೂ ಹೋದರು. ಆಗ ಬಂದ ಬರಹ, ಭಾಷಣ, ಮೊಬೈಲಿನ ಶ್ರದ್ಧಾಂಜಲಿಗಳನ್ನು ನಾನು ಸಿಕ್ಕಷ್ಟೂ ಓದಿದೆ. ‘ಮುಗ್ಧೆ’, ‘ಅಕ್ಷರ ಅರಿಯದವಳು’, ‘ಬರಿಗಾಲಿನಲ್ಲಿ ದಿಲ್ಲಿಗೆ ಹೋದಳು’. ಅರಣ್ಯ ಇಲಾಖೆಯ ಸಸಿಮಡಿಯಲ್ಲಿ ದಶಕಗಟ್ಟಲೆ, ಬಹುಕಾಲ ದಿನಗೂಲಿಯಲ್ಲಿ ದುಡಿದು, ಯಾವ ಬೀಜವನ್ನು ಯಾವ ತಾಯಿಮರದಿಂದ ಯಾವಾಗ ಆರಿಸಬೇಕು ಎಂದು ಅಧಿಕಾರಿಗಳಿಗೇ ತಿಳಿಸಿಕೊಡುತ್ತಿದ್ದ ತುಳಸಿಯವರು ಮುಗ್ಧೆ ಹೇಗಾಗುತ್ತಾರೆ? ಊರಿನಲ್ಲಿ ಸಾರಾಯಿಯ ವಿರುದ್ಧ ಹೆಂಗಸರನ್ನು ಕಟ್ಟಿಕೊಂಡು ಬೀದಿಗಿಳಿದ ಸುಕ್ರಿಯವರಿಗೆ ಲೋಕ ತಿಳಿದಿರಲಿಲ್ಲವೇ? ಪದ್ಮಶ್ರೀ ಪಡೆದ ವಿಜ್ಞಾನಿಯೊಬ್ಬರು ತೀರಿಕೊಂಡರೆ ಅವರು ಧರಿಸುತ್ತಿದ್ದ ಚಪ್ಪಲಿಯ ಸುದ್ದಿ ಯಾರೂ ಬರೆಯುವುದಿಲ್ಲ. ಬರಿಗಾಲನ್ನು ಕಂಡು ಕಣ್ಣು ಒದ್ದೆ ಮಾಡಿಕೊಂಡವರು, ಹಾಲಕ್ಕಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಎಂಬ ಬೇಡಿಕೆಯ ಬಗ್ಗೆ ಒಂದು ಸಾಲು ಬರೆದಿದ್ದರೆ ನಾನು ಸುಮ್ಮನಿರುತ್ತಿದ್ದೆ. ಆ ಬೇಡಿಕೆಯನ್ನು ಸುಕ್ರಿಯವರೇ ಎಷ್ಟೋ ವೇದಿಕೆಗಳಲ್ಲಿ ಎತ್ತಿದ್ದರು.

ಸಿದ್ದಿಗಳಿಗೆ ಆ ಮಾನ್ಯತೆ ಸಿಕ್ಕಿದ್ದು 2003ರಲ್ಲಿ, ಅದೂ ಮೊದಲು ನಮ್ಮ ಜಿಲ್ಲೆಯವರಿಗೆ ಮಾತ್ರ. ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಕಾಡಂಚಿನಲ್ಲಿ ನೂರಾರು ವರ್ಷಗಳಿಂದ ಇರುವವರು ಇವರು. ಪೋರ್ಚುಗೀಸರು ಗೋವೆಗೆ ಗುಲಾಮರನ್ನಾಗಿ ತಂದ ಆಫ್ರಿಕನ್ನರ ಸಂತತಿಯವರು. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಮನೆಯಲ್ಲಿ ಕೊಂಕಣಿಯ ಒಂದು ಬಗೆ, ಹೊರಗೆ ನನ್ನ ನಿಮ್ಮಂತೆಯೇ ಕನ್ನಡ. ಆದರೂ ಪೇಟೆಗೆ ಬಂದ ಸಿದ್ದಿ ಹುಡುಗನಿಗೆ ಮೊದಲ ಪ್ರಶ್ನೆ ಇಂಗ್ಲಿಷಿನಲ್ಲಿ: ಯಾವ ದೇಶ? ಅವನು ‘ಯಲ್ಲಾಪುರ’ ಎಂದರೆ ಕೇಳಿದವರು ನಗುತ್ತಾರೆ, ಅವನೇನೋ ತಮಾಷೆ ಮಾಡಿದ ಹಾಗೆ. ನಂತರ ಕನ್ನಡ ಎಷ್ಟು ಚೆನ್ನಾಗಿ ಮಾತನಾಡುತ್ತೀಯ ಎಂಬ ಮೆಚ್ಚುಗೆ. ತನ್ನ ಭಾಷೆಯನ್ನು ತಾನು ಮಾತನಾಡಿದ್ದಕ್ಕೆ ಶಹಬ್ಬಾಸ್ ಪಡೆಯುವುದಕ್ಕಿಂತ ಬೇಸರದ ಸಂಗತಿ ಇರಲಿಕ್ಕಿಲ್ಲ. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡಾಗ ಜಿಲ್ಲೆಯೆಲ್ಲ ಹೆಮ್ಮೆಪಟ್ಟಿತು. ಹೆಮ್ಮೆ ನಿಜವೇ. ಆಮೇಲೂ ಶಾಲೆಯ ಮಕ್ಕಳ ಗುಂಗುರು ಕೂದಲನ್ನು ಕೇಳದೆ ಮುಟ್ಟಿ ನೋಡುವ ಕೈಗಳು ಹಿಂದೆ ಸರಿದಿಲ್ಲ.

ನಮ್ಮ ಶಾಖೆಗೆ ಸಿದ್ದಿ ಸಮುದಾಯದ ತರುಣರೊಬ್ಬರು ಅಧಿಕಾರಿಯಾಗಿ ಬಂದಿದ್ದರು. ವ್ಯವಸ್ಥಾಪಕರು ರಜೆಯಲ್ಲಿದ್ದ ದಿನಗಳಲ್ಲಿ ಆ ಕುರ್ಚಿಯಲ್ಲಿ ಅವರೇ ಕುಳಿತುಕೊಳ್ಳುತ್ತಿದ್ದರು. ಬೆಳೆಸಾಲಕ್ಕೆ ಬಂದವರು ಬಾಗಿಲಲ್ಲಿ ನಿಂತು, ಕುರ್ಚಿಯಲ್ಲಿದ್ದವರನ್ನು ಕಣ್ಣಾರೆ ನೋಡುತ್ತ, ‘ಸಾಹೇಬರು ಇಲ್ಲವೇ?’ ಎಂದು ಕೇಳುತ್ತಿದ್ದರು. ಅವರು ‘ನಾನೇ, ಕುಳಿತುಕೊಳ್ಳಿ’ ಎನ್ನುತ್ತಿದ್ದರು. ಬೇಸರವಾಗುವುದಿಲ್ಲವೇ ಎಂದು ಕೇಳಿದ್ದಕ್ಕೆ ಅವರು ಹೇಳಿದ್ದು, ‘ಕೇಳಿದ್ದಕ್ಕೆ ಅಲ್ಲ ಅಕ್ಕೋರೇ. ಕುಳಿತ ಮೇಲೂ ಬಾಗಿಲ ಕಡೆ ನೋಡುತ್ತಿರುತ್ತಾರಲ್ಲ, ಅದಕ್ಕೆ.’

ಸರ್ಕಾರಕ್ಕೆ ಮರ್ಯಾದೆ ಎಂದರೆ ಹೆಸರು ಬದಲಿಸುವುದು. ಅಂಗವಿಕಲರು ವಿಕಲಚೇತನರಾದರು, ಹತ್ತು ವರ್ಷಗಳಿಂದ ಈಚೆಗೆ ದಿವ್ಯಾಂಗರೂ ಆದರು. ನಮಗೆ ದಿವ್ಯವೂ ಬೇಡ, ಭವ್ಯವೂ ಬೇಡ, ಮೆಟ್ಟಿಲ ಪಕ್ಕದಲ್ಲಿ ಇಳಿಜಾರು ಕಟ್ಟಿಸಿ ಎಂದು ಆ ಚಳವಳಿಯವರು ಆಗಲೇ ಹೇಳಿದ್ದರು. ನಾನು ಕೆಲಸ ಮಾಡಿದ ಶಾಖೆಗಳಲ್ಲಿ ಒಂದಕ್ಕೆ ಹತ್ತಿಪ್ಪತ್ತು ಮೆಟ್ಟಿಲು, ಹಿಡಿದುಕೊಳ್ಳಲು ಸರಳೂ ಇರಲಿಲ್ಲ. ಕೆಳಗೆ ಗಾಲಿಕುರ್ಚಿಯಲ್ಲಿ ಕುಳಿತವರ ಸಹಿಯನ್ನು ಕಾವಲುಗಾರ ಹೋಗಿ ತರುತ್ತಿದ್ದ. ಪೌರಕಾರ್ಮಿಕ ಎಂಬ ಹೆಸರಿನ ಕತೆಯೂ ಅಷ್ಟೇ. ಹೆಸರು ಒಳ್ಳೆಯದೇ, ಹಿಂದಿನ ಹೆಸರುಗಳನ್ನು ಇಲ್ಲಿ ಬರೆಯಲು ನನ್ನ ಕೈ ಏಳುವುದಿಲ್ಲ. ಸೆಪ್ಟೆಂಬರ್ 23ರಂದು ಅವರ ದಿನ. ಊರೂರಲ್ಲಿ ಶಾಲು, ಹಾರ, ಸಿಹಿಯೂಟ. 24ರ ಬೆಳಿಗ್ಗೆ ‘ಏ ಕಸದವನೇ, ಇಲ್ಲಿ ಒಂದು ಚೀಲ ಉಳಿದಿದೆ’. ಚಹಾ ಕೇಳಿದರೆ ಕೊಡುತ್ತಾರೆ, ಕಾಗದದ ಲೋಟದಲ್ಲಿ. ಮನೆಯ ಉಳಿದವರಿಗೆಲ್ಲ ಸ್ಟೀಲಿನ ಲೋಟ. ಬಳಸಿ ಎಸೆಯುವ ಲೋಟ ಬಂದ ಮೇಲೆ ಅಸ್ಪೃಶ್ಯತೆಗೆ ಎಷ್ಟು ಅನುಕೂಲವಾಯಿತು ಎಂದು ಯಾರಾದರೂ ಬರೆಯಬೇಕು. ಹಿಂದೆ ತೆಂಗಿನ ಚಿಪ್ಪನ್ನು ಬೇರೆಯಾಗಿ ಇಡುವುದು ಕಣ್ಣಿಗೆ ಬೀಳುತ್ತಿತ್ತು. ಈಗ ಅದು ಶುಚಿತ್ವ.

ಇದನ್ನು ಕಂಡಾಗ ಏನು ಮಾಡಬೇಕು ಎಂದು ನನ್ನನ್ನು ಕೇಳುತ್ತಾರೆ. ಭಾಷಣ ಮಾಡಿದರೆ ಪ್ರಯೋಜನವಿಲ್ಲ ಎಂಬುದನ್ನು ಮಾತ್ರ ಖಚಿತವಾಗಿ ಹೇಳಬಲ್ಲೆ. ನಮ್ಮ ಶಾಖೆಯಲ್ಲಿ ಹಿರಿಯ ಗುಮಾಸ್ತರೊಬ್ಬರಿದ್ದರು, ಯಾರಿಗೂ ಬುದ್ಧಿ ಹೇಳುವ ಜಾತಿಯವರಲ್ಲ. ಪಕ್ಕದ ಕೌಂಟರಿನಿಂದ ‘ಏಯ್’ ಕೇಳಿಸಿದ ತಕ್ಷಣ ತಮ್ಮ ಕೆಲಸ ಬಿಟ್ಟು, ಶಾಖೆಗೆಲ್ಲ ಕೇಳುವ ಹಾಗೆ, ‘ಅಮ್ಮ, ಈ ಕಡೆ ಬನ್ನಿ, ಕುಳಿತುಕೊಳ್ಳಿ, ನಿಮ್ಮದು ನಾನು ನೋಡುತ್ತೇನೆ’ ಎನ್ನುತ್ತಿದ್ದರು. ಹುಡುಗನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ತಿಂಗಳಾನುಗಟ್ಟಲೆ ಇದು ನಡೆಯಿತು. ಹುಡುಗ ಕೊನೆಗೆ ‘ಅಮ್ಮ’ ಎಂಬಲ್ಲಿಗೆ ಬಂದ. ‘ನೀವು’ ಬರಲಿಕ್ಕೆ ಇನ್ನೂ ಸ್ವಲ್ಪ ಕಾಲ ಹಿಡಿಯಿತು. ಈ ವಿಧಾನಕ್ಕೂ ಮಿತಿಯಿದೆ. ಒಮ್ಮೆ ಅವರು ಒಬ್ಬ ವೃದ್ಧರಿಗೆ ‘ತಾವು ಕುಳಿತುಕೊಳ್ಳಿ’ ಎಂದದ್ದಕ್ಕೆ, ಗೇಲಿ ಮಾಡುತ್ತಿದ್ದಾರೆ ಎಂದುಕೊಂಡು ಅವರು ಹೊರಟೇ ಹೋದರು. ತಪ್ಪಿಲ್ಲ. ಕನ್ನಡದಲ್ಲಿ ಕುಹಕಕ್ಕೂ ಬಹುವಚನವನ್ನೇ ಬಳಸುತ್ತೇವೆ. ಜೀವಮಾನವಿಡೀ ‘ಬಾ’ ಕೇಳಿದವರಿಗೆ ಒಂದು ದಿನ ಇದ್ದಕ್ಕಿದ್ದಂತೆ ‘ತಾವು’ ಕೇಳಿಸಿದರೆ ಎಲ್ಲೋ ಏನೋ ಎಡವಟ್ಟಾಗಿದೆ ಎಂದೇ ಅನ್ನಿಸುತ್ತದೆ.

ನಿಜವಾಗಿ ಮಾತು ಬದಲಾಗಿದ್ದನ್ನು ನಾನು ಕಂಡದ್ದು ಅಡಿಕೆ ತೋಟದಲ್ಲಿ, ಅದಕ್ಕೆ ಕಾರಣ ಕೊನೆಗೌಡರ ಅಭಾವ. ಮರ ಹತ್ತಿ ಕೊನೆ, ಅಂದರೆ ಅಡಿಕೆ ಗೊನೆ, ಕೊಯ್ಯುವವರು ಈಗ ಶಿರಸಿ ಸೀಮೆಯಲ್ಲಿ ಸುಲಭವಾಗಿ ಸಿಗುವುದಿಲ್ಲ. ಸುಗ್ಗಿಯಲ್ಲಿ ಒಬ್ಬರಿಗಾಗಿ ಹತ್ತು ತೋಟದವರು ಕಾಯುತ್ತಾರೆ. ನೆಲದಲ್ಲಿ ನಿಂತೇ ಕೊಯ್ಯುವ ಕಾರ್ಬನ್ ಫೈಬರಿನ ದೋಟಿ ಬಂದಿದೆ, ಅದನ್ನು ಹಿಡಿಯಲೂ ಪಳಗಿದ ಕೈ ಬೇಕು. ಯಾವ ಸಮಾಜ ಸುಧಾರಕರಿಗೂ ಬಗ್ಗದ ತಲೆಗಳು ಕೊನೆಗೌಡರ ಮೊಬೈಲ್ ಸಂಖ್ಯೆಯ ಮುಂದೆ ಬಗ್ಗಿವೆ.

ನನ್ನ ತವರಿನ ಹತ್ತಿರದ ಊರಿನಲ್ಲಿ ಒಬ್ಬ ಹುಡುಗ ತಂದೆಯ ಕಸುಬನ್ನೇ ಹಿಡಿದು, ನಾಲ್ಕು ಜನರ ತಂಡ ಕಟ್ಟಿ, ಬೈಕಿನ ಮೇಲೆ ದೋಟಿ ಹೊತ್ತು ತಿರುಗುತ್ತಾನೆ. ಅವನ ತಂದೆಗೆ ‘ಬಾರೋ’ ಎಂದೇ ಹೇಳಿ ರೂಢಿಯಿದ್ದ ಹೆಗಡೆಯವರೊಬ್ಬರು ಸೊಸೈಟಿಯ ಎದುರು ಅವನಿಗೂ ಹಾಗೆಯೇ ಕೂಗಿದರು: ‘ನಾಳೆ ಬೇಗ ಬಾರೋ, ಬಿಸಿಲೇರುವ ಮೊದಲು.’ ಹುಡುಗ ಬೈಕಿನಿಂದ ಇಳಿಯದೆ ಕೇಳಿದ, ‘ನೀನು ಏಳುವುದು ಎಷ್ಟು ಗಂಟೆಗೋ?’

ಊರು ಒಂದು ವಾರ ಅದನ್ನೇ ಮಾತನಾಡಿತು. ಈಗಿನ ಹುಡುಗರಿಗೆ ಹಿರಿಯರು ಕಿರಿಯರು ಇಲ್ಲವಾಯಿತು, ದುಡ್ಡು ಕಂಡು ಸೊಕ್ಕು ಬಂತು, ಓದಿಸಿದ್ದೇ ತಪ್ಪಾಯಿತು. ಅದೇ ಹೆಗಡೆಯವರು ಅವನ ತಂದೆಗಿಂತ ವಯಸ್ಸಿನಲ್ಲಿ ಕಿರಿಯರು ಎಂದು ಒಬ್ಬರೂ ನೆನಪು ಮಾಡಲಿಲ್ಲ. ಕೊನೆಗೆ ಇಬ್ಬರು ಹಿರಿಯರು ನಡುವೆ ಬಿದ್ದು, ಹುಡುಗ ಕ್ಷಮೆ ಕೇಳಲಿ ಎಂದರು. ಅವನು ಕ್ಷಮೆ ಕೇಳಲಿಲ್ಲ, ಜಗಳಕ್ಕೂ ನಿಲ್ಲಲಿಲ್ಲ. ‘ಅವರು ನೀವು ಎಂದರೆ ನಾನೂ ನೀವು ಎನ್ನುತ್ತೇನೆ. ನೀನು ಎಂದರೆ ನಾನೂ ನೀನು. ಯಾವುದು ಬೇಕೋ ಅವರೇ ಆರಿಸಿಕೊಳ್ಳಲಿ’ ಎಂದು ಹೇಳಿ ಬೇರೆಯವರ ತೋಟಕ್ಕೆ ಹೋದ. ಹೆಗಡೆಯವರ ಮರಗಳಲ್ಲಿ ಅಡಿಕೆ ಹಣ್ಣಾಗಿ ಉದುರತೊಡಗಿತು.

ಎಂಟು ಹತ್ತು ದಿನ ಕಳೆದು ಹೆಗಡೆಯವರೇ ಫೋನ್ ಮಾಡಿದರು. ಅವರು ‘ನೀವು’ ಎನ್ನಲಿಲ್ಲ, ‘ನೀನು’ ಎನ್ನುವ ಧೈರ್ಯವನ್ನೂ ಮಾಡಲಿಲ್ಲ. ಕನ್ನಡದಲ್ಲಿ ಯಾರನ್ನೂ ಯಾವ ವಚನದಲ್ಲೂ ಕರೆಯದೆ ಕೆಲಸ ಸಾಗಿಸುವ ದಾರಿಯೊಂದಿದೆ, ಕರಾವಳಿಯಲ್ಲಂತೂ ಅದು ಚಿಕ್ಕ ಮಕ್ಕಳಿಗೂ ಗೊತ್ತು. ‘ಕೊನೆ ಕೊಯ್ಯುವುದಿತ್ತು. ಬರುವುದು ಯಾವಾಗ?’ ಎಂದರು. ‘ನಾಡಿದ್ದು ಆಗುತ್ತದೆ’ ಎಂದ ಅವನೂ ಅದೇ ಧಾಟಿಯಲ್ಲಿ. ಎರಡು ಸುಗ್ಗಿಯಾಯಿತು, ಇಬ್ಬರೂ ಹೀಗೆಯೇ ಮಾತನಾಡುತ್ತಿದ್ದಾರೆ, ‘ಚಹಾ ಕುಡಿಯುವುದಲ್ಲವೇ’, ‘ದೋಟಿ ಎಲ್ಲಿ ಇಟ್ಟದ್ದು’ ಎನ್ನುತ್ತ. ಕಳೆದ ವರ್ಷ ಹೆಗಡೆಯವರ ಹೆಂಡತಿಗೆ ಇದರಿಂದ ತಲೆಕೆಟ್ಟು, ಅಂಗಳದಲ್ಲಿ ಎಲ್ಲರೆದುರಿಗೆ ಅವನನ್ನು ಹೆಸರು ಹಿಡಿದು ಕರೆದು ‘ಬನ್ನಿ, ಊಟ ಮಾಡಿಕೊಂಡೇ ಹೋಗಿ’ ಎಂದರಂತೆ. ಅವನು ‘ಬಂದೆ ಅಮ್ಮ’ ಎಂದು ಕೈಕಾಲು ತೊಳೆಯಲು ಹೋದ. ಎಲೆ ಹಾಕಿದ್ದು ಒಳಗೋ ಜಗುಲಿಯಲ್ಲೋ ಎಂದು ನಾನು ಕೇಳಿದೆ. ಜಗುಲಿಯಲ್ಲಿಯೇ ಅಂತೆ, ಆದರೆ ಹೆಗಡೆಯವರ ಎಲೆಯೂ ಆ ದಿನ ಅಲ್ಲೇ ಬಿದ್ದಿತ್ತು. ಹಾಕಿಸಿದ್ದು ಹೆಂಡತಿ.